ಕೂಸಿಗೆ ಎರೆದ ನೀರು

ನಡೆದದ್ದು ಇಷ್ಟೇ. ನಮ್ಮ ಚರ್ಚಿನ ಸಭೆಯ ದೊಡ್ಡವರು ಒಂದು ಕೂಸಿನ ಸ್ನಾನಕ್ಕೆ ಹೆದರಿದರು. ಆಮೇಲೆ ಅದನ್ನು ಜಾಣತನ ಅಂದರು, ಕಾಲ ಸರಿಯಿಲ್ಲ ಅಂದರು, ಪ್ರಾರ್ಥನೆಯಲ್ಲಿ ನೆನೆಯೋಣ ಅಂದರು. ಏನು ಅಂದರೂ ಹೆದರಿದ್ದು ಹೆದರಿದ್ದೇ.

ಬ್ಯಾಡಗಿಯಲ್ಲಿ ನಾನಿರುವ ಓಣಿಯಲ್ಲಿ ಕ್ರೈಸ್ತರ ಮನೆ ನನ್ನದೊಂದೇ. ಎದುರಿಗೆ ಮೆಣಸಿನಕಾಯಿ ವ್ಯಾಪಾರದವರ ದೊಡ್ಡ ಮನೆ. ಅದರ ಹಿಂದಿನ ಬಾಡಿಗೆ ಖೋಲಿಗೆ ಹೋದ ವರ್ಷ ಗಂಡ ಹೆಂಡತಿ ಬಂದರು. ಬೇರೆ ಬೇರೆ ಜಾತಿಯವರು, ತಾವೇ ಮೆಚ್ಚಿ ಲಗ್ನವಾದವರು. ಎರಡೂ ಕಡೆಯವರು ಬಾಗಿಲು ಹಾಕಿಕೊಂಡಿದ್ದರು. ಗಂಡ ಕುಮಾರಪಟ್ಟಣದ ಕಡೆ ಕೂಲಿಗೆ ಹೋದರೆ ವಾರಕ್ಕೊಮ್ಮೆ ಮುಖ ತೋರಿಸುತ್ತಾನೆ. ಹುಡುಗಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಾಳೆ. ಹೆರಿಗೆಯಾದಾಗ ತವರಿನಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಬಾಣಂತನ ಸರಿಯಾಗಿ ಮುಗಿಯುವ ಮೊದಲೇ ಆಕೆ ಕೂಸನ್ನು ನನ್ನ ಹತ್ತಿರ ಬಿಟ್ಟು ಮತ್ತೆ ರಾಶಿಯ ಮುಂದೆ ಕುಳಿತಳು.

ಆ ಕೆಲಸ ನಾನೂ ಮಾಡಿದ್ದೇನೆ. ಖಾರ ಬೆರಳ ಸಂದಿಗೆ ಇಳಿದರೆ ಸಾಬೂನು ಹಚ್ಚಿದರೂ ಹೋಗುವುದಿಲ್ಲ, ಎಣ್ಣೆ ತಿಕ್ಕಿದರೂ ಹೋಗುವುದಿಲ್ಲ. ಆ ಕೈ ಕೂಸಿನ ಕಣ್ಣಿಗೆ, ತೊಡೆಸಂದಿಗೆ ತಾಗಿದರೆ ಅದು ಉಸಿರು ಕಟ್ಟಿ ಅಳುತ್ತದೆ. ಹೆತ್ತ ತಾಯಿಯ ಕೈಯೇ ಕೂಸಿಗೆ ಆಗಿಬರದ ಹಾಗಾಯಿತು. ಅದಕ್ಕೇ ಎರೆಯುವ ಕೆಲಸ ನನ್ನದಾಯಿತು. ಈ ಓಣಿಯ ಅರ್ಧ ಜನಕ್ಕೆ ಎರೆದವಳು ನಾನೇ. ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಬಿಸಿನೀರು ಹಾಕುವುದು. ಕೊನೆಯ ತಂಬಿಗೆ ನೆತ್ತಿಯ ಮೇಲೆ. ಕಣ್ಣಿಗೆ ಇಳಿಯದಂತೆ ಹಣೆಗೆ ಕೈ ಅಡ್ಡ ಹಿಡಿದು, "ಬೆಳಿ, ಬೆಳಿ, ಗುಡ್ಡದಷ್ಟ ಬೆಳಿ" ಅನ್ನಬೇಕು. ನಮ್ಮತ್ತೆ ಅನ್ನುತ್ತಿದ್ದಳು, ನಾನೂ ಅನ್ನುತ್ತೇನೆ.

ಚುನಾವಣೆ ಹತ್ತಿರ ಬಂದಿತ್ತು. ಊರಲ್ಲಿ ಎಲ್ಲರ ಕಣ್ಣೂ ಎಲ್ಲರ ಮೇಲೆ. ಆ ಕೊನೆಯ ತಂಬಿಗೆಯನ್ನು ಯಾರೋ ಮೊಬೈಲಿನಲ್ಲಿ ಹಿಡಿದು, ಕಿರಿಸ್ತಾನ ಮುದುಕಿ ಹಿಂದೂ ಕೂಸಿನ ತಲೆಗೆ ನೀರು ಹಾಕಿ, ಮಂತ್ರ ಹೇಳಿ, ತಮ್ಮೊಳಗೆ ಸೇರಿಸಿಕೊಂಡಳು ಎಂದು ಹರಡಿದರು. ದೀಕ್ಷಾಸ್ನಾನವಂತೆ! ಕಡಲೆಹಿಟ್ಟು ಹಚ್ಚಿ ಕುಂಡಿ ತೊಳೆಯುವ ದೀಕ್ಷಾಸ್ನಾನವನ್ನು ನಾನಂತೂ ಈ ವಯಸ್ಸಿನ ತನಕ ಕಂಡಿಲ್ಲ.

ವಿಚಾರಿಸಲು ಮೂರು ಮಂದಿ ಬಂದರು. ಮುಂದೆ ನಿಂತವನು ಎದುರಿನ ದೊಡ್ಡ ಮನೆಯ ಮಗನೇ.

"ಏ ಆಯೀ, ಕೂಸಿನ ತಲಿಗೆ ನೀರ ಯಾಕ ಹಾಕಿದಿ?"

"ತಲಿ ಅದರ ಮೈಗೇ ಅಂಟಿಕೊಂಡೈತೆಪಾ, ಅದಕ್ಕ."

"ಮಂತ್ರ ಏನ ಹೇಳಿದಿ?"

"ನಿನಗ ಹೇಳಿದ್ದ ಹೇಳೇನಿ. ಹೋಗಿ ನಿಮ್ಮವ್ವನ ಕೇಳು. ನಿನಗೂ ಎರದಾಕಿ ನಾನ. ನೀರು ಬಿದ್ದ ಕೂಡ್ಲೆ ನನ್ನ ಕಾಲಮ್ಯಾಲ ಉಚ್ಚಿ ಹೊಯ್ತಿದ್ದಿ. ಗುಡ್ಡದಷ್ಟ ಬೆಳಿ ಅಂತ ನಾ ಅಂದ್ರ ಬರೇ ಮೀಸಿ ಬೆಳದೈತಿ."

ಹಿಂದೆ ನಿಂತ ಇಬ್ಬರು ನಕ್ಕುಬಿಟ್ಟರು. ಅವನು ಮುಖ ಕೆಂಪಗೆ ಮಾಡಿಕೊಂಡು ಹೋದ. ಆ ಹುಡುಗರ ಮೇಲೆ ನನಗೆ ದೊಡ್ಡ ಸಿಟ್ಟೇನೂ ಇಲ್ಲ. ಕೆಲಸವಿಲ್ಲ, ಮೊಬೈಲಿದೆ. ನನಗೆ ಹೇಸಿಗೆ ಬಂದದ್ದು ನಮ್ಮವರ ಮೇಲೆ.

ಐತವಾರ ಹಾವೇರಿಯಿಂದ ಪಾಸ್ಟರು ಬಂದರು. ನೆರೆಯವರನ್ನು ಪ್ರೀತಿಸುವುದರ ಮೇಲೆ ಉದ್ದ ಪ್ರಸಂಗ ಮಾಡಿದರು. ಬೆವರು ಒರೆಸಿಕೊಂಡು ಕೆಳಗಿಳಿದವರೇ ನನ್ನನ್ನು ಪಕ್ಕಕ್ಕೆ ಕರೆದರು. ಸಭೆಯ ಹಿರಿಯರೊಬ್ಬರೂ ಜೊತೆಗಿದ್ದರು. ಅವರದು ರಾಣೆಬೆನ್ನೂರಿನಲ್ಲಿ ಬಟ್ಟೆ ಅಂಗಡಿ. ಕ್ರಿಸ್ಮಸ್ಸಿಗೆ ಬಡವರಿಗೆ ಕಂಬಳಿ ಕೊಟ್ಟು, ಕಂಬಳಿ ಮುಂದೆ ಹಿಡಿದು ಫೋಟೊ ತೆಗೆಸಿಕೊಳ್ಳುವವರು.

"ಆಯೀ, ಆ ಕೂಸಿಗೆ ಎರಿಯೂದು ಸ್ವಲ್ಪ ದಿವಸ ಬಿಡ್ರಿ. ಇಲೆಕ್ಷನ್ ಮುಗೀಲಿ," ಎಂದರು ಪಾಸ್ಟರು.

"ಕೂಸಿಗೆ ನೀವ ಹೇಳ್ರಿ ಪಾಸ್ಟರ, ಇಲೆಕ್ಷನ್ ಮುಗಿಯೂತನಾ ಹೇಲಬ್ಯಾಡ ಅಂತ."

ಹಿರಿಯರಿಗೆ ಸಿಟ್ಟು ಬಂತು. "ನಿಮಗ ತಿಳಿಯಂಗಿಲ್ರಿ. ನಾವಿರೂದ ನಾಕು ಮಂದಿ. ನಾಳೆ ಚರ್ಚಿನ ಬಾಗಲಕ್ಕ ಬಂದು ನಿಂತ್ರ ಯಾರ ಹೊಣಿ? ಆ ಹುಡುಗಿ ಏನ ನಮ್ಮಾಕಿನೂ ಅಲ್ಲ."

"ನಮ್ಮಾಕಿ ಆಗಿದ್ರ ಎರೀಬಹುದಿತ್ತೇನ್ರಿ?"

"ಆಗ ಬ್ಯಾರೆ ಮಾತು."

"ಹಂಗಾರ ಆ ಹುಡುಗರು ಹೇಳೂದು ಖರೇನ ಆತಲ್ರಿ. ನಮ್ಮೊಳಗ ಸೇರಿದವರಿಗೆ ಅಷ್ಟ ನಮ್ಮ ನೀರು."

ಪಾಸ್ಟರು ಕಣ್ಣು ಮುಚ್ಚಿ ಕೂಸಿಗಾಗಿ ಪ್ರಾರ್ಥನೆ ಶುರು ಮಾಡಿದರು. ಕಣ್ಣು ಮುಚ್ಚಿಕೊಂಡರೆ ನನ್ನ ಮುಖ ನೋಡುವುದು ತಪ್ಪುತ್ತದಲ್ಲ. ಹೆದರಿಕೆ ಸುಳ್ಳು ಎಂದು ನಾನು ಹೇಳುವುದಿಲ್ಲ. ಪ್ರಾರ್ಥನೆಗೆ ಕೂತವರನ್ನು ಎಬ್ಬಿಸಿ ಕಳಿಸಿದ ಸುದ್ದಿ ನಾವೂ ಕೇಳಿದ್ದೇವೆ. ರಾತ್ರಿ ಬಾಗಿಲು ಬಡಿದರೆ ನನಗೂ ಎದೆ ಹೊಡೆದುಕೊಳ್ಳುತ್ತದೆ. ಆದರೆ ಹೆದರಿಕೆಯಾದರೆ ಹೆದರಿಕೆ ಅನ್ನಬೇಕು. ಅದಕ್ಕೆ ದೇವರ ಹೆಸರು ಯಾಕೆ?

ಅವತ್ತು ಸಂಜೆ ಹುಡುಗಿ ನನ್ನ ಹಿತ್ತಲ ಬಾಗಿಲಿಗೆ ಬಂದಳು.

"ಆಯೀ, ನಾಳಿಂದ ಎರಿಯಾಕ ಬರಬ್ಯಾಡ್ರಿ. ನೀವ ಬಂದ್ರ ಖೋಲಿ ಬಿಡು ಅಂದಾರ ಮನಿ ಅಕ್ಕಾರು. ಕೂಸು ಕಟಗೊಂಡು ಎಲ್ಲಿ ಹೋಗ್ಲಿ ನಾ?"

ದೊಡ್ಡ ಮನೆಯಾಕೆಗೆ ಮಗನ ಮೀಸೆಯ ಮಾತು ಚುಚ್ಚಿತ್ತು. ಚುಚ್ಚಿದವಳು ನಾನು, ಸೇಡು ತೀರಿಸಿಕೊಂಡದ್ದು ಖೋಲಿ ಬಿಟ್ಟರೆ ಬೇರೆ ಗತಿಯಿಲ್ಲದವಳ ಮೇಲೆ.

ಸೋಮವಾರ ಹುಡುಗಿ ಕೂಸನ್ನು ಕೆಲಸದ ಜಾಗಕ್ಕೇ ಎತ್ತಿಕೊಂಡು ಹೋದಳು. ಸಂಜೆ ಬಂದು ತಾನೇ ಎರೆದಳು. ಕೂಸು ಚೀರಿದ್ದು ಓಣಿಯ ತುದಿಯವರೆಗೂ ಕೇಳಿತು. ಒಬ್ಬೊಬ್ಬರಾಗಿ ಕಿಟಕಿ ಹಾಕಿಕೊಂಡರು. ನಾನು ಹೋಗಿ ನೋಡಿದರೆ ಕೂಸಿನ ಕಣ್ಣು ಬಾತು ತೆರೆಯಲು ಬರುತ್ತಿರಲಿಲ್ಲ. ಹುಡುಗಿ ತನ್ನ ಎರಡೂ ಕೈಯನ್ನು ದೂರ ಹಿಡಿದುಕೊಂಡು, ಅವು ಬೇರೆ ಯಾರದೋ ಎಂಬಂತೆ ನೋಡುತ್ತಾ ಅಳುತ್ತಿದ್ದಳು. ನಾನು ತಣ್ಣೀರಿನಲ್ಲಿ ಕೂಸಿನ ಕಣ್ಣು ತೊಳೆದು, ಅದು ಮಲಗುವ ತನಕ ಕುಳಿತಿದ್ದು ಬಂದೆ.

ಮರುದಿನ ಬೆಳಿಗ್ಗೆ ಹುಡುಗಿಯನ್ನು ಕೇಳಿ ಕೂಸನ್ನು ಎತ್ತಿಕೊಂಡು, ಎಣ್ಣೆಯ ಬಟ್ಟಲು ಹಿಡಿದು ದೊಡ್ಡ ಮನೆಯ ಅಂಗಳಕ್ಕೇ ಹೋದೆ. ಆಕೆ ಆಗಷ್ಟೇ ರಂಗೋಲಿ ಹಾಕಿ ಮುಗಿಸಿದ್ದಳು. ರಂಗೋಲಿ ತುಳಿಯದಂತೆ ಪಕ್ಕದಲ್ಲಿ ಕಾಲು ಚಾಚಿ ಕುಳಿತೆ.

"ಅಕ್ಕಾರ, ನಾ ಎಣ್ಣಿ ತಿಕ್ಕತೇನಿ, ನೀರ ನೀವ ಹಾಕ್ರಿ. ಅಂಗಳಾ ನಿಮ್ಮದು, ತಂಬಿಗಿ ನಿಮ್ಮದು, ನೀರು ನಿಮ್ಮದು. ಕೂಸು ಯಾರೊಳಗ ಸೇರತೈತಿ ನೋಡೂಣು."

"ಮುಂಜಾಲೆದ್ದು ಇದೇನ ತಮಾಷಾ ಹಚ್ಚೀರಿ?"

"ತಮಾಷಾನ? ಮೊದಲ ಇದರ ಕಣ್ಣ ನೋಡ್ರಿ."

ನೋಡಿದಳು. ಓಣಿಯ ಹೆಂಗಸರೂ ಬಾಗಿಲಿಗೆ ಬಂದು ನಿಂತಿದ್ದರು. ಕೂಸಿನ ಕಣ್ಣಿಗೆ ಕರಗಿದಳೋ ಹೆಂಗಸರ ಕಣ್ಣಿಗೆ ಅಂಜಿದಳೋ, ನಾನು ಕೇಳಲಿಲ್ಲ. ಒಳಗೆ ಹೋಗಿ ಬಿಸಿನೀರಿನ ಬಕೆಟ್ಟು ತಂದಳು. ಮೂಗು ಮುರಿಯುತ್ತಲೇ ಮೊದಲ ತಂಬಿಗೆ ಹಾಕಿದಳು.

"ತಣ್ಣೀರ ಬೆರಸ್ರಿ ಅಕ್ಕಾರ, ಕೂಸಿನ ಮೈ ಸುಡಾಕತ್ತೈತಿ."

ಬೆರೆಸಿದಳು. ಬಾಗಿಲಲ್ಲಿ ಮಗ ಬಾಯಲ್ಲಿ ಬ್ರಶ್ ಕಚ್ಚಿಕೊಂಡು ನಿಂತಿದ್ದ.

"ಮೊಬೈಲ್ ತಗೊಂಡು ಬಾರಪಾ, ಲಗೂ," ಎಂದೆ. "ನಿಮ್ಮವ್ವ ನೀರ ಹಾಕಾಕತ್ಯಾಳ."

ಆಕೆ ಕೊನೆಯ ತಂಬಿಗೆಯನ್ನು ನೆತ್ತಿಯ ಮೇಲೆ ಎತ್ತಿದಳು. ನಾನು ಕೂಸಿನ ಹಣೆಗೆ ಕೈ ಅಡ್ಡ ಹಿಡಿದೆ.