ಮಾಳಿಗೆಯ ಮೇಲಿನ ಟಪಾಲು ಹಾದಿ

ನಿನ್ನೆ ಸೊಸೆ ಅನ್ನ ಬಸಿದ ಗಂಜಿಯನ್ನು ಚೆಲ್ಲದೆ ತನ್ನದೊಂದು ಹತ್ತಿಯ ಸೀರೆಗೆ ಹಾಕಿ ಹಿಂಡುತ್ತಿದ್ದಳು. ಅದರ ವಾಸನೆ ಬಂದಾಗ ನಾನು ಪಡಸಾಲೆಯಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಗಂಜಿಯದು ಹಾಡಿ ಹೊಗಳುವಂಥ ವಾಸನೆಯಲ್ಲ. ಸ್ವಲ್ಪ ಹುಳಿ, ಸ್ವಲ್ಪ ಹಸಿ. ನೀವು ನೇಕಾರರ ಮನೆಯವರಲ್ಲದಿದ್ದರೆ ಮೂಗು ಮುಚ್ಚಿಕೊಂಡು ಆಚೆ ಹೋಗುತ್ತೀರಿ. ನಾನು ಮಾತ್ರ ಸೊಪ್ಪು ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ಸೊಸೆ ಎರಡು ಸಲ ಕರೆದಳಂತೆ. ನನ್ನ ಕಿವಿ ಮೊದಲೇ ಮಂದ. ಸಾಲದ್ದಕ್ಕೆ ಆ ಹೊತ್ತಿಗೆ ನಾನು ಗದಗಿನ ಈ ಹೊಸ ಬಡಾವಣೆಯಲ್ಲಿ ಇರಲೇ ಇಲ್ಲ. ಬೆಟಗೇರಿಯ ಹಳೆಯ ಓಣಿಗೆ ಹೋಗಿ ಮುಟ್ಟಿದ್ದೆ.

ನಾನು ಮುಂಡರಗಿಯಿಂದ ಆ ಓಣಿಗೆ ಸೊಸೆಯಾಗಿ ಬಂದಾಗ ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಕನ್ನಡ ನಾಡು ಒಂದಾಗುವುದು ಇನ್ನೂ ಬಾಕಿ ಇತ್ತು. ನಾವು ಮುಂಬಯಿ ರಾಜ್ಯದವರು. ಲಕ್ಷ್ಮೇಶ್ವರ, ಶಿರಹಟ್ಟಿಯವರು ಮೊನ್ನೆ ಮೊನ್ನೆಯವರೆಗೆ ಸಂಸ್ಥಾನದ ಪ್ರಜೆಗಳಾಗಿದ್ದು ಆಗಷ್ಟೇ ನಮ್ಮ ಸಾಲಿಗೆ ಬಂದವರು. ನಮ್ಮ ಎದುರುಮನೆಯ ಈರಣ್ಣ ಏಕೀಕರಣದ ಸಭೆ ಎಲ್ಲಿ ನಡೆದರೂ ಹೋಗಿ ಬರುತ್ತಿದ್ದ. ಬಂದವನು ಅಲ್ಲಿ ಕೇಳಿದ್ದನ್ನೆಲ್ಲ ಮಗ್ಗದಲ್ಲಿ ಕೂತು ಓಣಿಗೆ ಕೇಳುವಂತೆ ಹೇಳುತ್ತಿದ್ದ. ನನಗೆ ಅದೆಲ್ಲ ಅರ್ಥವಾಗುತ್ತಿರಲಿಲ್ಲ. ಆಗ ನನ್ನ ನಾಡು ಎಂದರೆ ಮುಂಡರಗಿಯ ಅವ್ವನ ಅಡುಗೆಮನೆ ಅಷ್ಟೆ.

ಓಣಿಯ ಬೆಳಗು ಹೇಗಿರುತ್ತಿತ್ತು ಎಂದು ನಿಮಗೆ ಹೇಳದಿದ್ದರೆ ಮುಂದಿನ ಮಾತು ತಿಳಿಯುವುದಿಲ್ಲ. ಸೀರೆಯ ಉದ್ದಕ್ಕೆ ಓಡುವ ಎಳೆಗಳಿಗೆ ಹಾಸು ಎನ್ನುತ್ತಾರೆ. ಮಗ್ಗಕ್ಕೆ ಏರಿಸುವ ಮುಂಚೆ ಹಾಸಿನ ಎಳೆಗಳಿಗೆ ಗಂಜಿ ಕೊಡಬೇಕು, ಇಲ್ಲದಿದ್ದರೆ ಎಳೆ ತಡೆಯುವುದಿಲ್ಲ. ಅದಕ್ಕೆ ಉದ್ದನೆಯ ಜಾಗ ಬೇಕು. ಅಂಥ ಜಾಗ ಓಣಿಯೊಂದೇ. ಹೀಗಾಗಿ ಬೆಳಕು ಹರಿಯುತ್ತಲೇ ಓಣಿಯ ಈ ತುದಿಯಿಂದ ಆ ತುದಿಗೆ ಹಾಸು ಎಳೆದು ಕಟ್ಟಿ, ಗಂಡಸರು ಎರಡೂ ಬದಿಗೆ ನಿಂತು ದೊಡ್ಡ ಕುಂಚದಿಂದ ಗಂಜಿ ಬಳಿಯುತ್ತಿದ್ದರು. ಬಿಸಿಲೇರಿ ಅದು ಒಣಗಿ, ಸುತ್ತಿ ಒಳಗೆ ಒಯ್ಯುವವರೆಗೆ ಓಣಿಯಲ್ಲಿ ನಾಯಿ ಕೂಡ ಅಡ್ಡಾಡುವಂತಿರಲಿಲ್ಲ. ಒಮ್ಮೆ ಒಂದು ಆಡು ಹೊಕ್ಕು ಹಾಸಿನಲ್ಲಿ ಕೊಂಬು ಸಿಕ್ಕಿಸಿಕೊಂಡಿತ್ತು. ಆ ಜಗಳದಲ್ಲಿ ಮಾತು ಬಿಟ್ಟ ಎರಡು ಮನೆಗಳು ಮುಂದೆ ಒಂದು ಮದುವೆಯ ಊಟದಲ್ಲಿ ಕೂಡಿದವು.

ಟಪಾಲು ಬರುವ ಹೊತ್ತೂ ಅದೇ. ನಮ್ಮ ಪೋಸ್ಟಮನ್ ಫಕೀರಪ್ಪ, ಶಿರಹಟ್ಟಿ ಕಡೆಯವನು. ತೆಳ್ಳನೆಯ ಆಳು, ಖಾಕಿ ಕೋಟು, ಹೆಗಲಿಗೊಂದು ಚೀಲ. ಗದಗಿನ ಪೋಸ್ಟಿನಿಂದ ನಡೆದೇ ಬರುತ್ತಿದ್ದ. ಅವನು ಓಣಿಯ ಬಾಯಿಗೆ ಬಂದು ಕೂಗಿ ಕರೆಯಬಹುದಿತ್ತು. ಆದರೆ ಕುಣಿಮಗ್ಗದವನು ನೆಲದಲ್ಲಿ ತೋಡಿದ ತಗ್ಗಿನಲ್ಲಿ ಕಾಲಿಳಿಬಿಟ್ಟು ಕೂತಿರುತ್ತಾನೆ. ಎದ್ದು ಹೊರಗೆ ಬಂದರೆ ಕೆಲಸ ಕೆಟ್ಟಿತು. ಇದನ್ನು ನೋಡಿ ಫಕೀರಪ್ಪ ತಾನೇ ಒಂದು ಹಾದಿ ಮಾಡಿಕೊಂಡಿದ್ದ. ಮೂಲೆಮನೆಯ ಕಲ್ಲಿನ ಮೆಟ್ಟಿಲು ಹತ್ತಿ ಮಾಳಿಗೆಗೆ ಹೋಗುವುದು. ಮನೆಗಳ ನೆತ್ತಿಯ ಮಣ್ಣಿನ ಮಾಳಿಗೆಗಳು ಸಮತಟ್ಟಾಗಿ ಒಂದಕ್ಕೊಂದು ಹತ್ತಿಕೊಂಡೇ ಇದ್ದವು. ಪ್ರತಿ ಮನೆಯ ಮಗ್ಗದ ನೆತ್ತಿಗೆ ಬೆಳಕು ಬೀಳಲೆಂದು ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಅವನು ಅಲ್ಲಿ ಬಗ್ಗಿ ಕಾಗದವನ್ನು ಒಳಗೆ ಬಿಡುತ್ತಿದ್ದ. ಅದು ತೇಲುತ್ತ ಬಂದು ನೇಯುವವನ ತೊಡೆಯ ಮೇಲೆ ಬೀಳುತ್ತಿತ್ತು.

ಅವನು ಹೆಸರು ಹಿಡಿದು ಕೂಗುತ್ತಿರಲಿಲ್ಲ, ಕಾಗದ ಬಂದ ಊರನ್ನು ಕೂಗುತ್ತಿದ್ದ. “ಲಕ್ಷ್ಮೇಶ್ವರ ಬಂತ್ರಿ” ಎಂದರೆ ಪಕ್ಕದ ಮನೆಯ ಗಂಗವ್ವನ ಮಗಳದ್ದು. “ಹುಲಕೋಟಿ ಬಂತ್ರಿ” ಎಂದರೆ ಈರಣ್ಣನ ಬೀಗರದು. ನಾನು ಒಳಗೆ ಲಾಳಿಯಲ್ಲಿ ಕೂರಿಸುವ ಕಂಡಿಕೆಗೆ ನೂಲು ಸುತ್ತುತ್ತ ಕೂತಾಗ ತಲೆಯ ಮೇಲೆ ಕಾಲಿನ ಸಪ್ಪಳ ಕೇಳಿದರೆ ಕೈ ನಿಲ್ಲುತ್ತಿತ್ತು. “ಮುಂಡರಗಿ ಬಂತವಾ ತಂಗಿ” ಎಂದ ದಿನ ನನಗೆ ಊಟ ಬೇಡ. ಅತ್ತೆ ನಗುತ್ತಿದ್ದಳು. ಅತ್ತೆ ಶಂಕ್ರವ್ವನ ನಗೆಯೂ ಗದರಿದಂತೆಯೇ ಇರುತ್ತಿತ್ತು. ಅದು ನಗೆ ಎಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಎರಡು ದಿನ ಮಳೆ ಹನಿ ಹಿಡಿದು ಬಿಟ್ಟ ಮರುದಿನದ ಮಾತು. ನಮ್ಮ ಮನೆಯವರು ಆಗಷ್ಟೇ ಮಗ್ಗದಿಂದೆದ್ದು ನೀರು ಕುಡಿಯಲು ಒಳಗೆ ಬಂದಿದ್ದರು. ಮೇಲೆ ಸಪ್ಪಳ ಕೇಳಿತು. “ಮುಂಡರ” ಎಂಬಷ್ಟು ಕೇಳಿತು. ಆಮೇಲೆ ಬೆಳಕಿಂಡಿಯ ಅಂಚಿನ ಮಣ್ಣು, ಹುಳ ತಿಂದ ಒಂದು ತೊಲೆಯ ತುಂಡು, ಅವುಗಳ ಹಿಂದೆ ಫಕೀರಪ್ಪ, ಎಲ್ಲವೂ ಕೂಡಿ ಮಗ್ಗದ ಮೇಲೆ ಬಂದು ಬಿದ್ದವು. ಹಾಸಿನ ಎಳೆಗಳು ಅವನನ್ನು ಸ್ವಲ್ಪ ತಡೆದು ಹರಿದವು. ಇಲ್ಲದಿದ್ದರೆ ತಲೆ ಒಡೆದುಹೋಗುತ್ತಿತ್ತು. ಬಲಗಾಲು ಮಾತ್ರ ಮಗ್ಗದ ತಗ್ಗಿನ ಕಲ್ಲಿಗೆ ಬಡಿದು ನೋಡಬಾರದ ಹಾಗೆ ತಿರುಗಿತ್ತು. ನಾವು ಓಡಿ ಬಂದರೆ ಅವನು ಮೊದಲು ಕೇಳಿದ್ದು, “ಹಾಸು ಭಾಳ ಹರೀತೇನ್ರಿ?” ಅಷ್ಟು ಕೇಳಿ ಕೈಯಲ್ಲಿದ್ದ ಕಾಗದವನ್ನು ನನ್ನ ಕಡೆ ಚಾಚಿದ. ನಾನು ಅದನ್ನು ತೆಗೆದುಕೊಂಡ ಮೇಲೆ ಅಳಲು ಸುರು ಮಾಡಿದ.

ದವಾಖಾನೆಯಲ್ಲಿ ಕಾಲು ಕಟ್ಟಿದರು, ಉಳಿಯಿತು, ಆದರೆ ಗಿಡ್ಡಾಯಿತು. ಇನ್ನು ಚೀಲ ಹೊತ್ತು ಅಡ್ಡಾಡುವ ಮಾತಿಲ್ಲ. ಕೆಲಸದ ಮೇಲಿದ್ದಾಗ ಪೆಟ್ಟಾದರೆ ಸರ್ಕಾರ ಪರಿಹಾರ ಕೊಡುತ್ತದೆ, ಕೂತು ಮಾಡುವ ಕೆಲಸವನ್ನೂ ನೋಡಬಹುದು ಎಂದು ಯಾರೋ ತಿಳಿದವರು ಹೇಳಿದರು. ಅವನ ಹೆಂಡತಿ ನೀಲವ್ವ ಅರ್ಜಿ ಹಾಕಿಸಿದಳು. ಮೇಲಿನಿಂದ ಬಂದ ಪ್ರಶ್ನೆ ಒಂದೇ. ಟಪಾಲು ಹಂಚುವುದು ಓಣಿಯಲ್ಲಿ. ಇವನು ಮಾಳಿಗೆಯ ಮೇಲೆ ಏಕೆ ಹೋದ? ಹೋಗಿದ್ದು ತನ್ನ ಖುಷಿಗಾದರೆ ಅದು ಕೆಲಸವಲ್ಲ, ಕೆಲಸವಲ್ಲದಿದ್ದರೆ ಪರಿಹಾರವೂ ಇಲ್ಲ, ನೌಕರಿಯೂ ಇಲ್ಲ. ವಿಚಾರಣೆಗೆ ಒಬ್ಬ ಇನ್ಸ್‌ಪೆಕ್ಟರ ಸಾಹೇಬರು ಬರುತ್ತಾರೆ ಎಂದಾಯಿತು.

ಓಣಿಗೆ ಓಣಿಯೇ ಗಾಬರಿಯಾಯಿತು. ಹಿರಿಯರು ಕೂಡಿ ಒಂದೇ ಒಂದು ತೀರ್ಮಾನ ಮಾಡಿದರು: ಮಾಳಿಗೆಯ ಸುದ್ದಿ ತೆಗೆಯಬಾರದು. ಅದರಾಚೆಗೆ ಏನು ಹೇಳಬೇಕು ಎಂದು ಮಾತಾಡಿಕೊಳ್ಳುವ ಬುದ್ಧಿ ಯಾರಿಗೂ ಬರಲಿಲ್ಲ. ನಾಡನ್ನು ಒಂದು ಮಾಡಲು ಹೊರಟಿದ್ದ ಈರಣ್ಣನಿಗೂ ಓಣಿಯ ಸುಳ್ಳುಗಳನ್ನು ಒಂದು ಮಾಡಬೇಕೆಂದು ಹೊಳೆಯಲಿಲ್ಲ.

ಸಾಹೇಬರು ಬಂದದ್ದು ಮಧ್ಯಾಹ್ನ. ಹಾಸುಗಳನ್ನೆಲ್ಲ ಸುತ್ತಿ ಒಯ್ದಾಗಿತ್ತು. ಓಣಿ ಗುಡಿಸಿ ಇಟ್ಟಂತೆ ಖಾಲಿ. ಸಾಹೇಬರು ಅದನ್ನೊಮ್ಮೆ ಉದ್ದಕ್ಕೂ ನೋಡಿ ಈರಣ್ಣನ ಕಟ್ಟೆಯ ಮೇಲೆ ಕೂತರು.

“ಮಾಳಗೀನಾ? ಅಂವಾ ಮಾಳಗಿ ಏರಿದ್ದು ನಾ ಕಂಡಿಲ್ರಿ” ಎಂದ ಈರಣ್ಣ, ತನ್ನ ಮನೆಯ ಹೊಸ್ತಿಲು ತೋರಿಸುತ್ತ. “ನಮ್ಮ ಹೊಚ್ಚಲಾ ಎಡವಿ ಬಿದ್ದಾನ್ರಿ.”

ಗಂಗವ್ವ ಅವನಿಗಿಂತ ಪ್ರೀತಿಯವಳು. “ಇಲ್ರಿ, ನಮ್ಮ ಕಟ್ಟಿ ಇಳಿಯಾಗ ಜಾರಿದ. ನಾನ ಎಬ್ಬಿಸಿ ನೀರ ಕೊಟ್ಟೇನಿ” ಎಂದಳು.

ಹೀಗೆ ಫಕೀರಪ್ಪ ಒಂದೇ ಬೆಳಗ್ಗೆ ಓಣಿಯ ಮನೆಮನೆಯಲ್ಲೂ ಬಿದ್ದ. ಬಾವಿಯ ಹತ್ತಿರವೂ ಒಮ್ಮೆ ಬಿದ್ದ. ಯಾರಿಗೂ ಅವನನ್ನು ಇನ್ನೊಬ್ಬರ ಮನೆಯಲ್ಲಿ ಬೀಳಲು ಬಿಡುವ ಮನಸ್ಸಿಲ್ಲ. ನಮ್ಮ ಮನೆಗೆ ಬಂದಾಗ ಸಾಹೇಬರು ತಲೆಯೆತ್ತಿ ಗೋಣಿತಾಟು ಮುಚ್ಚಿದ ಆ ದೊಡ್ಡ ತೂತನ್ನು ನೋಡಿ, “ಇದು ಏನದ?” ಎಂದರು.

“ಹೆಗ್ಗಣ ಕೆಡಿವ್ಯಾವ್ರಿ” ಎಂದಳು ಅತ್ತೆ.

“ಎಷ್ಟು ದೊಡ್ಡ ಹೆಗ್ಗಣ?”

ನಾನು ಬಾಗಿಲ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ. ಆ ನಗೆ ಹೆಚ್ಚು ಹೊತ್ತು ಉಳಿಯಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ನೀಲವ್ವ ಬಂದಳು. ಜಗಳಕ್ಕೆ ಬಂದವಳಲ್ಲ. ಜಗಳವಾಡಿದ್ದರೆ ನಮಗೆ ಹಗುರಾಗುತ್ತಿತ್ತು. “ನೀವು ಅವರ ಒಳ್ಳೇದಕ್ಕ ಹೇಳೀರಿ ಯವ್ವಾ, ನನಗ ಗೊತ್ತೈತಿ. ಆದ್ರ ಸಾಹೇಬ್ರು ನಮ್ಮ ಮನಿಗಿ ಬಂದು ಕೇಳಿದಾಗ ನಮ್ಮನಿಯವರು ಇದ್ದದ್ದು ಇದ್ದಂಗ ಹೇಳ್ಯಾರ, ಮಾಳಗಿ ಮ್ಯಾಲಿಂದ ಬಿದ್ದೆ ಅಂತ. ಓಣಿ ಮಂದಿಯೆಲ್ಲಾ ಬ್ಯಾರೆ ಹೇಳ್ಯಾರ, ನೀನ ಸುಳ್ಳ ಅಂತ ಸಾಹೇಬ್ರು ಆಡಿ ಹೋದ್ರು. ಇಷ್ಟು ವರ್ಷ ಯಾರೂ ಅವರಿಗೆ ಹಂಗ ಅಂದಿದ್ದಿಲ್ಲ. ಗ್ವಾಡಿ ಕಡೆ ಮುಖಾ ಮಾಡಿ ಮಲಗ್ಯಾರ, ಉಂಡಿಲ್ಲ.”

ಫಕೀರಪ್ಪ ಕೈಚಾಚಿ ಕೊಟ್ಟ ಅವ್ವನ ಕಾಗದ ಒಳಗೆ ನನ್ನ ಟ್ರಂಕಿನಲ್ಲೇ ಇತ್ತು. ಅತ್ತೆ ಎದ್ದು ಸೀರೆ ಸರಿ ಮಾಡಿಕೊಂಡು, “ಸಾಹೇಬ್ರು ಎಲ್ಲಿ ಇಳಕೊಂಡಾರ?” ಎಂದಳು. ಗದಗಿನ ಸರ್ಕಾರಿ ಬಂಗಲೆಯಲ್ಲಿ, ನಾಳೆ ಮಧ್ಯಾಹ್ನದ ಗಾಡಿಗೆ ಹೋಗುತ್ತಾರೆ ಎಂದಳು ನೀಲವ್ವ. ಅತ್ತೆ ನನ್ನ ಕಡೆ ತಿರುಗಿ, “ನಡಿ” ಎಂದಳು. ಮದುವೆಯಾದ ಮೇಲೆ ಗದಗಿನ ಹಾದಿಯನ್ನು ನಾನು ಗಂಡನಿಲ್ಲದೆ ನಡೆದದ್ದು ಅದೇ ಮೊದಲು. ಗಂಡನ ಬದಲಿಗೆ ಅತ್ತೆ ಇದ್ದಳು, ಅವಳಿದ್ದರೆ ಹುಲಿಯೂ ಹಾದಿ ಬಿಡುತ್ತಿತ್ತು.

ಸಾಹೇಬರು ಬಂಗಲೆಯ ಕಟ್ಟೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಅತ್ತೆ ಮುನ್ನುಡಿ ಹಾಕಲಿಲ್ಲ. “ಸುಳ್ಳ ಹೇಳಿದಾವ್ರು ನಾವ್ರಿ, ಅವ ಅಲ್ಲ. ಅವಗ ನೌಕರಿ ಹೋದೀತಂತ ಅಂಜಿ ಹೇಳೀವಿ. ನಾಳೆ ಮುಂಜಾನಿ ಟಪಾಲ ಹೊತ್ತಿಗೆ ಒಮ್ಮೆ ಬಂದು ಓಣಿ ನೋಡಿ ಹೋಗ್ರಿ” ಎಂದಳು.

“ಇವತ್ತೇ ನೋಡೀನಲ್ಲ” ಎಂದರು ಸಾಹೇಬರು.

“ಇವತ್ತ ನೀವು ನೋಡಿದ್ದು ಬರೇ ನೆಲಾರಿ.”

ಮರುದಿನ ಬೆಳಗ್ಗೆ ಓಣಿಯಲ್ಲಿ ಹಾಸುಗಳೋ ಹಾಸುಗಳು. ಖರೆ ಹೇಳಬೇಕೆಂದರೆ ಅಂದು ಗಂಜಿ ಕೊಡುವ ಸರದಿ ಎರಡೇ ಮನೆಯದು. ಉಳಿದವರೂ ಏನಾದರೊಂದು ಎಳೆದು ಕಟ್ಟಿದ್ದರು. ನಮ್ಮ ಜನಕ್ಕೆ ಸತ್ಯ ಹೇಳುವಾಗಲೂ ಸ್ವಲ್ಪ ಗಂಜಿ ಬೇಕು. ಸಾಹೇಬರು ಓಣಿಯ ಬಾಯಿಗೆ ಬಂದು, ಆ ಕಡೆ ಈ ಕಡೆ ನೋಡಿ, ಒಂದು ಕಾಲು ಮುಂದಿಟ್ಟರು. ಕುಂಚ ಹಿಡಿದವರು ನಾಲ್ಕು ಕಡೆಯಿಂದ “ಹಾಂ ಹಾಂ” ಎಂದದ್ದೇ ಕಾಲು ಹಿಂದೆ ತೆಗೆದರು. ಅಷ್ಟರಲ್ಲಿ ಮಾಳಿಗೆಯ ಮೇಲಿನಿಂದ ಅತ್ತೆಯ ದನಿ ಕೇಳಿತು. “ಇತ್ತಾಗ ಬರ್ರಿ ಸಾಹೇಬ್ರ. ಟಪಾಲ ಬರೂ ಹಾದಿ ಇದು.”

ಸಾಹೇಬರು ಬೂಟು ಬಿಚ್ಚಿ ಮೆಟ್ಟಿಲು ಹತ್ತಿದರು. ನಾನು ನಮ್ಮ ಮಗ್ಗದ ಪಕ್ಕದಲ್ಲಿ ನಿಂತು ಮೇಲಿನ ಸಪ್ಪಳ ಕೇಳುತ್ತಿದ್ದೆ. ಹಿಂದಿನ ದಿನ ಸುಳ್ಳು ಹೇಳಿದವರೆಲ್ಲ ತಮ್ಮ ತಮ್ಮ ಬೆಳಕಿಂಡಿಯ ಕೆಳಗಿನಿಂದ ತಲೆಯೆತ್ತಿ ಅವರಿಗೆ ನಮಸ್ಕಾರ ಮಾಡಿದರಂತೆ. ಕೊನೆಗೆ ನಮ್ಮ ತೂತಿನ ಅಂಚಿನಲ್ಲಿ ಎರಡು ಬರಿಗಾಲು ಕಂಡವು. ಒಂದು ಹಿಡಿ ಮಣ್ಣು ಉದುರಿತು. “ಅಲ್ಲೇ ನಿಂದರ್ರಿ” ಎಂದು ಅತ್ತೆ ಅವರ ಕೋಟು ಹಿಡಿದು ಹಿಂದಕ್ಕೆಳೆದಳು. ಆಮೇಲೆ ಸಾಹೇಬರು ಮೊಣಕಾಲೂರಿ ಬಗ್ಗಿ ನೋಡಿ ನನ್ನನ್ನೇ ಕೇಳಿದರು.

“ಅವ ಬಿದ್ದಾಗ ನೀವು ಇದ್ರೇನು?”

ಪರಗಂಡಸಿನ ಮುಂದೆ ಬಾಯಿ ಬಿಟ್ಟವಳಲ್ಲ ನಾನು. ಅತ್ತೆಯ ಮುಖ ಹುಡುಕಿದೆ. ಅವಳು ಮೇಲಿನಿಂದಲೇ “ಹೇಳವಾ” ಎಂದಳು.

“ಇದ್ನಿರಿ” ಎಂದೆ. “ನನ್ನ ಕಾಗದಾ ಕೊಡಾಕ ಬಂದಿದ್ದ. ಕಾಲ ಮುರದಿತ್ರಿ. ಮೊದಲ ಕಾಗದಾ ಕೊಟ್ಟ, ಆಮ್ಯಾಲ ಅತ್ತ.”

ಸಾಹೇಬರು ಅಲ್ಲೇ ಮಾಳಿಗೆಯ ಅಂಚಿಗೆ ಕೂತು ಬರೆದುಕೊಂಡರು. ಗಂಗವ್ವ ಚಹಾ ಕಳಿಸಿದಳು, ಅದನ್ನು ಕುಡಿದು ಬಂದ ಹಾದಿಯಲ್ಲೇ ಹೋದರು.

ಪರಿಹಾರ ಬರಲು ಬಹಳ ತಿಂಗಳು ಹಿಡಿದವು, ಆದರೆ ಬಂತು. ಪೋಸ್ಟಿನಲ್ಲಿ ಟಿಕೇಟು ಮಾರುವ ಕಿಟಕಿಯ ಹಿಂದೆ ಒಂದು ಸ್ಟೂಲೂ ಸಿಕ್ಕಿತು. ಆದೇಶದಲ್ಲಿ “ಕೆಲಸದ ಮೇಲಿದ್ದಾಗ” ಎಂದು ಬರೆದಿದ್ದಾರಂತೆ. ಆ ಮಾತನ್ನು ಫಕೀರಪ್ಪ ಸಿಕ್ಕಸಿಕ್ಕವರಿಗೆ ಹೇಳಿದ. ಹರಿದ ಹಾಸಿನ ಬದಲಿಗೆ ಒಂದು ಗಂಟು ನೂಲು ಹಿಡಿದು ಕುಂಟುತ್ತ ನಮ್ಮ ಮನೆಗೆ ಬಂದ. ಅತ್ತೆ ಗದರಿ ಅದನ್ನು ಅವನ ಚೀಲಕ್ಕೇ ತುರುಕಿದಳು. ಹೋಗುವಾಗ ಬಾಗಿಲಲ್ಲಿ ನಿಂತು ಅವನು ನನಗೆ ಹೇಳಿದ, “ಓಣಿ ಮಂದಿಯೆಲ್ಲಾ ನನ್ನ ಮ್ಯಾಲ ಜೀವಾ ಇಟ್ಟಾರ ತಂಗಿ, ನಾ ಇಲ್ಲ ಅನ್ನೂದಿಲ್ಲ. ಆದ್ರ ನಾ ಹೆಂಗ ಬಿದ್ದೆ ಅಂತ ಯಾರರೆ ಒಬ್ಬರು ಹೇಳಬೇಕಾಗಿತ್ತು.”

ಅದನ್ನು ಅವನು ನಗುತ್ತಲೇ ಹೇಳಿದ. ನಾನೂ ನಕ್ಕೆ. ಮುಂದೆ ನಾಡು ಒಂದಾಯಿತು, ಈರಣ್ಣ ಓಣಿಗೆಲ್ಲ ಪೇಢೆ ಹಂಚಿದ. ಗಂಜಿ ಹಾಕಿದ ಹಾಸು ಗಿರಣಿಯಿಂದಲೇ ಬರತೊಡಗಿ ಓಣಿ ದಿನವಿಡೀ ಖಾಲಿಯಾಯಿತು. ಹೊಸ ಪೋಸ್ಟಮನ್ ಸೈಕಲ್ಲಿನ ಮೇಲೆ ಬಾಗಿಲಿಗೇ ಬಂದ. ಅತ್ತೆ ಹೋದಳು, ಫಕೀರಪ್ಪನೂ ಹೋಗಿ ಎಷ್ಟೋ ವರ್ಷವಾಯಿತು.

ಇಷ್ಟು ಹೇಳಿದವಳು ಇನ್ನೊಂದನ್ನೂ ಹೇಳಿಬಿಡುತ್ತೇನೆ. ಹೋದ ವಾರದಿಂದ ನನ್ನ ಎಡ ಮೊಣಕಾಲು ಬಾತಿದೆ. ಮಗ ಕೇಳಿದಾಗ ಬಚ್ಚಲ ಹೊಸ್ತಿಲು ಎಡವಿದೆ ಎಂದೆ. ಸೊಸೆ ಕೇಳಿದಾಗ ಮಂಚದ ಕಾಲು ತಾಗಿತು ಎಂದೆ. ಹುಬ್ಬಳ್ಳಿಯಿಂದ ಮಗಳು ಫೋನು ಮಾಡಿದಾಗ ಏನು ಹೇಳಿದೆನೋ ನೆನಪಿಲ್ಲ. ಎಲ್ಲ ಅವರ ಜೀವ ಗಾಬರಿಯಾಗದಿರಲಿ ಎಂದೇ. ಡಾಕ್ಟರಿಗೆ ತೋರಿಸೋಣ ಎಂದು ಮಗ ಇವತ್ತು ಸಂಜೆ ಬೇಗ ಬಂದು ಹೊರಗೆ ಗಾಡಿ ತಿರುಗಿಸುತ್ತಿದ್ದ. ನಾನು ಅವನನ್ನು ಒಳಗೆ ಕರೆದೆ, ಕೂಡಲು ಹೇಳಿದೆ.

“ಮಾಳಗಿ ಏರಿದ್ನೆಪಾ” ಎಂದೆ. “ಇಳಿಯಾಗ ಮೆಟ್ಟಲದಾಗ ಕಣ್ಣಿಗಿ ಕತ್ತಲಿ ಬಂತು. ಅಲ್ಲಿಂದ ಬಿದ್ದೆ.”