ಆಪಾ ಕಲಿಸಿದ ಪಿಂಗ್

ಮೊನ್ನೆ ಚನ್ನಪಟ್ಟಣದ ಬೀದಿಯೊಂದರಲ್ಲಿ ಬಿಸಿ ಅರಗಿನ ವಾಸನೆ ಮೂಗಿಗೆ ಬಡಿಯಿತು. ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತಿದಾಗ ಏಳುವ ವಾಸನೆ. ಬೇರೆಯವರಿಗೆ ಗೊಂಬೆ ನೆನಪಾಗುತ್ತದೋ ಏನೋ, ನನಗೆ ನೆನಪಾಗುವುದು ಕಂಪ್ಯೂಟರ್ ನಡೆಸುವ ಲಿನಕ್ಸ್. ಅದನ್ನು ಕಲಿಸಿದ ಆಪಾ…

ಆಪಾ ಎಂದರೆ ಉರ್ದುವಿನಲ್ಲಿ ಅಕ್ಕ. ನಾನು ಮೊದಲು ಕೆಲಸಕ್ಕೆ ಸೇರಿದ ಗೊಂಬೆ ಕಾರ್ಖಾನೆಯ ಯಜಮಾನರ ಅಕ್ಕ ಅವರು, ನಮಗೆಲ್ಲರಿಗೂ ಆಪಾನೇ. ಆರ್ಡರುಗಳು ಬರುವ ಲಿನಕ್ಸ್ ಸರ್ವರ್ ಅವರ ಸುಪರ್ದಿನಲ್ಲಿತ್ತು. ಕಲ್ಯವೆಂಬ ಹಳ್ಳಿಯಿಂದ ಬಂದ ನನ್ನ ಹತ್ತಿರ ಒಂದು ಕಂಪ್ಯೂಟರ್ ಡಿಪ್ಲೊಮಾ ಇತ್ತು, ಬೇಕಾದಷ್ಟು ಜಂಬವೂ ಇತ್ತು.

ಆಯುಧಪೂಜೆಯ ಮಾರನೆಯ ಬೆಳಗ್ಗೆ ಸರ್ವರಿಗೆ ಇಂಟರ್ನೆಟ್ಟೇ ಇಲ್ಲ. ಹೊರದೇಶದ ದೊಡ್ಡ ಆರ್ಡರೊಂದನ್ನು ಮಧ್ಯಾಹ್ನದೊಳಗೆ ಒಪ್ಪಿಕೊಳ್ಳದಿದ್ದರೆ ಅದು ಬೇರೆಯವರ ಪಾಲಾಗುತ್ತಿತ್ತು, ನಮ್ಮ ಕೆಲಸಗಾರರು ಸಂಕ್ರಾಂತಿಯವರೆಗೆ ಕೈಕಟ್ಟಿ ಕೂರಬೇಕಿತ್ತು. ನಾನು ಇಂಟರ್ನೆಟ್ ಕಂಪನಿಗೆ ಫೋನ್ ಹಚ್ಚಿ ವಾಚಾಮಗೋಚರ ಬೈಯುತ್ತಿದ್ದೆ.

ಆಪಾ ಚಹಾ ಲೋಟ ಹಿಡಿದು ಬಂದು ಪಕ್ಕದಲ್ಲಿ ಕೂತರು. "ಊರೆಲ್ಲಾ ಬೈತಿದ್ದೀಯಲ್ಲಮ್ಮ, ಮೊದ್ಲು ಮನೆಯೊಳಗೆ ವಿಚಾರಿಸ್ದ್ಯಾ?"

'ಇದ್ದೀಯಾ?' ಎಂದು ಕೂಗಿ ಕೇಳುವ ಪಿಂಗ್ ಆಜ್ಞೆಯನ್ನು ನನ್ನಿಂದ ಮೊದಲು ಸರ್ವರಿನ ಸ್ವಂತ ವಿಳಾಸಕ್ಕೇ ಹೊಡೆಸಿದರು: ಪಿಂಗ್ 127.0.0.1. ಸರ್ವರ್ ತನಗೆ ತಾನೇ ಓಗೊಟ್ಟಿತು. ಆಮೇಲೆ ಮುಂದಿನ ಕೋಣೆಯ ರೂಟರಿಗೆ ಪಿಂಗ್. ಉತ್ತರವಿಲ್ಲ.

"ನೋಡು, ಬಾಗ್ಲೇ ದಾಟಿಲ್ಲ. ಕಂಪನಿಯವ್ರು ಪಾಪ ಏನ್ ಮಾಡ್ತಾರೆ?"

ನಾನು ಮೆಲ್ಲಗೆ ಫೋನ್ ಇಟ್ಟೆ. ರೂಟರಿಗೂ ಸರ್ವರಿಗೂ ನಡುವೆ ಇದ್ದದ್ದು ಗೊಂಬೆ ಮಾಡುವ ಶೆಡ್ಡಿನ ಗೋಡೆಯ ಮೇಲಿನ ಪುಟ್ಟ ನೆಟ್‌ವರ್ಕ್ ಪೆಟ್ಟಿಗೆ ಒಂದೇ. ಹೋಗಿ ನೋಡಿದರೆ ಅದಕ್ಕೂ ಚೆಂಡುಹೂವಿನ ಹಾರ, ಕುಂಕುಮ. ಲೈಟು ಮಾತ್ರ ಒಂದೂ ಉರಿಯುತ್ತಿಲ್ಲ.

ಶೆಡ್ಡಿನ ಮೇಸ್ತ್ರಿ ತಲೆ ಕೆರೆದುಕೊಂಡರು. "ಪೂಜೆ ಆದ್ಮೇಲೆ ಎಲ್ಲಾ ಮಿಷಿನ್ನೂ ಒಸಿ ಸುಧಾರಿಸ್ಕಳ್ಲಿ ಅಂತ ಆಫ್ ಮಾಡ್ಬುಟ್ಟೆ ಕಣವ್ವ. ಬೆಳಗ್ಗೆ ಬ್ಯಾರೇವೆಲ್ಲಾ ಹಾಕ್ದೆ, ಇದು ಮರ್ತೇ ಹೋಯ್ತು."

ನನಗೆ ಮೈಯೆಲ್ಲ ಉರಿಯಿತು. ಆಪಾ ಮಾತ್ರ ಚಹಾ ಚೆಲ್ಲುವಷ್ಟು ನಕ್ಕರು. "ಸುಧಾರಿಸ್ಕೊಂಡಿದ್ದು ಸಾಕು, ಎಬ್ಬಿಸಿ ಮೇಸ್ತ್ರಿ. ಹಾರ ಇರ್ಲಿ, ಚೆನ್ನಾಗೈತೆ."

ರೂಟರ್ ಉತ್ತರ ಕೊಟ್ಟಿತು. ಆಮೇಲೆ ಹೊರಗಿನ ಒಂದು ವಿಳಾಸವೂ ಉತ್ತರ ಕೊಟ್ಟಿತು. ಕೊನೆಗೆ ಹೆಸರು ಹಿಡಿದು ಕರೆದ ಸೈಟೂ ಓಗೊಟ್ಟಿತು. ಊಟದ ಹೊತ್ತಿಗೆ ಆರ್ಡರ್ ನಮ್ಮದಾಗಿತ್ತು, ಶೆಡ್ಡಿನಲ್ಲಿ ಎಲ್ಲರೂ ಪೂಜೆಯ ಬೂಂದಿಯನ್ನು ಮತ್ತೊಮ್ಮೆ ಹಂಚಿಕೊಂಡು ತಿಂದರು.

ಆಪಾ ತೀರಿಕೊಂಡು ಕೆಲವು ವರ್ಷಗಳಾದವು. ಈಗ ರಾಮನಗರದಲ್ಲಿ ಹೊಸಬರಿಗೆ ನಾನೂ ಇದನ್ನೇ ಹೇಳಿಕೊಡುತ್ತೇನೆ. ಅವರೂ ಮೊದಲು ಕಂಪನಿಗೇ ಫೋನ್ ಹಚ್ಚುತ್ತಾರೆ, ನಗು ಬರುತ್ತದೆ. ಆಪಾ ಇಲ್ಲವೆಂಬುದು ನನಗಿನ್ನೂ ರೂಢಿಯಾಗಿಲ್ಲ. ಸತಾಯಿಸಿದ ಲೈನೊಂದು ಸರಿಹೋಗಿ ಉತ್ತರ ಬರತೊಡಗಿದರೆ, "ಬಂತು ಆಪಾ" ಎಂದು ಪಕ್ಕಕ್ಕೆ ತಿರುಗಿಬಿಡುತ್ತೇನೆ…

ಪಕ್ಕದಲ್ಲಿ ಕೂತವರು, "ಯಾರು ಮೇಡಂ?" ಎನ್ನುತ್ತಾರೆ.