ಎರಡು ಹನಿ ಎಣ್ಣೆ

ಮೊನ್ನೆ ಹುನಗುಂದದ ಜ್ಯೋತಿಷಿಯೊಬ್ಬರು ತಮ್ಮ ಹಳೆಯ ಕಂಪ್ಯೂಟರಿನ ಡಬ್ಬಿಯನ್ನು ಧೋತರದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ಇಳಕಲ್ಲಿನ ನನ್ನ ರಿಪೇರಿ ಅಂಗಡಿಗೆ ತಂದರು. ಮನೆಯಲ್ಲಿ ಹೊಸದು ಬಂದಿದೆಯಂತೆ. ಆದರೂ "ಕುಂಡಲಿ ಇದರಾಗಽ ಛಲೋ ಬರ್ತಾವ್ರಿ" ಎಂಬುದು ಅವರ ನಂಬಿಕೆ. ಹಿಂಬದಿಯ ಫ್ಯಾನು ಗರಗರ ಎನ್ನುತ್ತಿತ್ತು. ಬಿಚ್ಚಿ ಊದಿದೆ. ಧೂಳಿನ ಜೊತೆಗೆ ಕಾದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು.

"ಹೊಸಾ ಫ್ಯಾನ ಹಾಕಬೇಕ್ರಿ" ಎಂದೆ.

"ಯಾಕ್ರಿ? ಎರಡ ಹನಿ ಎಣ್ಣಿ ಬಿಟ್ಟ ಕೊಡ್ರಿ, ನಡೀತೈತಿ."

"ನಡಿಯೂದಿಲ್ರಿ!" ಎಂದೆ. ದನಿ ಜೋರಾಗಿಬಿಟ್ಟಿತು. ಅವರು ನನ್ನ ಗ್ರಹಗತಿಯನ್ನೇ ಹುಡುಕುವವರಂತೆ ಮುಖ ನೋಡಿದರು.

ಆ ಎರಡು ಹನಿ ಎಣ್ಣೆಗೂ ನನಗೂ ಹಳೆಯ ನಂಟಿದೆ. ಅಂಗಡಿಯಲ್ಲಿ ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ.

ನಮ್ಮದು ನೇಕಾರರ ಮನೆ. ನಾನು ಏಳನೆಯ ಇಯತ್ತೆಗೆ ಸಾಲೆ ಬಿಟ್ಟವನು. ಮಗ್ಗವೂ ಒಗ್ಗಲಿಲ್ಲ, ರೇಡಿಯೊ ಬಿಚ್ಚುವುದನ್ನು ಕಲಿತೆ. ಜೋಡಿಸುವುದನ್ನು ಕಲಿಯಲು ಇನ್ನೂ ನಾಲ್ಕು ವರ್ಷ ಹಿಡಿಯಿತು. ಓದಿದವಳು ಅಕ್ಕ. ತೊಂಬತ್ತರ ದಶಕದ ಕೊನೆಗೆ, ಮುಚ್ಚಿಹೋದ ಟೈಪಿಂಗ್ ಕ್ಲಾಸಿನವರ ಒಂದು ಕಂಪ್ಯೂಟರನ್ನು ತಂದು ಮಗ್ಗದ ಪಕ್ಕದ ಕಿಟಕಿಯ ಬಳಿ ಇಟ್ಟಳು. ಕೆರೂರು, ಬಾದಾಮಿ ಎಂದು ಬಸ್ಸು ಹತ್ತಿ ಹೋಗಿ, ಮುದುಕಿಯರ ಟ್ರಂಕಿನೊಳಗಿನ ಹಳೆಯ ಸೀರೆಗಳ ಅಂಚಿನ ದಡಿ, ಸೆರಗುಗಳ ಎಳೆ ಎಣಿಸಿ ಬರೆದುಕೊಂಡು ಬರುತ್ತಿದ್ದಳು. ಆಮೇಲೆ ಅವನ್ನು ಪರದೆಯ ಮೇಲೆ ಚೌಕ ಚೌಕವಾಗಿ ತುಂಬಿ ನಮೂನೆ ಉಳಿಸುವುದು, ಬರೆದ ಚೀಟಿ ಒಲೆಗೆ. ಒಂದು ದಡಿಗೆ ಒಂದು ವಾರ. ಸೀರೆಯ ಒಡತಿಯ ಹೆಸರನ್ನೇ ಚಿತ್ರಕ್ಕೂ ಇಡುತ್ತಿದ್ದಳು. "ಈಕಿ ಕೆರೂರ ಗಂಗವ್ವ. ನೋಡಲೇ, ಹೆಂಗ ನಗತಾಳ!" ನನಗೆ ಕಾಣುತ್ತಿದ್ದುದು ಕೆಂಪು ಚೌಕಗಳಷ್ಟೇ.

ನೂಲಿನ ಮನೆಯಲ್ಲಿ ಹತ್ತಿಯ ನವಿರು ಧೂಳು ಎಲ್ಲೆಲ್ಲೂ ಹಾರುತ್ತದೆ, ಊಟದ ತಾಟಿಗೂ ಬೀಳುತ್ತದೆ. ಅದು ಕಂಪ್ಯೂಟರಿನ ಹೊಟ್ಟೆಗೂ ಹೋಯಿತು. ಫ್ಯಾನು ಚೀರತೊಡಗಿತು. "ಬಾಗಲಕೋಟಿಗೆ ಹೋಗಿ ಹೊಸಾ ಫ್ಯಾನ ತಂದ ಹಾಕೋ ತಮ್ಮಾ, ಕೈ ಮುಗೀತೇನಿ" ಎಂದಳು ಅಕ್ಕ.

ಫ್ಯಾನನ್ನು ತಂದೆ. ಅದು ಖರೆ. ಆದರೆ ಮರುದಿನ ಒಂದು ಮದುವೆಯಲ್ಲಿ ಹಾಡು ಹಚ್ಚುವ ಕೆಲಸ ಹಿಡಿದಿದ್ದೆ, ನನ್ನ ಆಂಪ್ಲಿಫೈಯರ್ ಕಾದು ಕಾದು ನಿಲ್ಲುತ್ತಿತ್ತು. ಹೊಸ ಫ್ಯಾನು ಅದರ ಬೆನ್ನಿಗೆ ಹೇಳಿ ಮಾಡಿಸಿದಂತೆ ಕೂತಿತು. ಅಕ್ಕನ ಹಳೆಯ ಫ್ಯಾನಿಗೆ ಅಪ್ಪನ ಮಗ್ಗದ ಎಣ್ಣೆ ಎರಡು ಹನಿ ಬಿಟ್ಟೆ. ಏನು ಕಿರುಗುಟ್ಟಿದರೂ ಎಣ್ಣೆ ಬಿಡುವುದು ನಮ್ಮ ಮನೆಯ ಏಕೈಕ ಔಷಧ. ಫ್ಯಾನು ಸುಮ್ಮನಾಯಿತು.

"ಹೊಸಾದು ಹಾಕಿದ್ಯಾ?"

"ಹಾಕೇನಿ."

"ಸಪ್ಪಳಽ ಇಲ್ಲ ನೋಡವ್ವಾ! ನನ್ನ ತಮ್ಮ ಅಂದ್ರ ಏನ ತಿಳದೀ!"

ಕೆಲವು ತಿಂಗಳ ನಂತರ ಒಂದು ಮಧ್ಯಾಹ್ನ ಅಕ್ಕ ಕಂಪ್ಯೂಟರನ್ನು ಚಾಲೂ ಬಿಟ್ಟು, ಪಕ್ಕದ ಮನೆಗೆ ಹೋಳಿಗೆ ಲಟ್ಟಿಸಲು ಹೋಗಿದ್ದಳು. ಟಪ್ ಎಂದಿತು, ಹೊಗೆ ಬಂತು. ಬಿಚ್ಚಿದವನು ನಾನೇ. ಎಣ್ಣೆಯು ಹತ್ತಿಯ ಧೂಳನ್ನೆಲ್ಲ ಹಿಡಿದು ಕಂಬಳಿಯಂತೆ ಗಟ್ಟಿಯಾಗಿತ್ತು. ಫ್ಯಾನಿನ ರೆಕ್ಕೆ ಅಲುಗಲಿಲ್ಲ. ಗಾಳಿಯಿಲ್ಲದೆ ಕರೆಂಟಿನ ಡಬ್ಬಿ ಸುಟ್ಟು, ಹೋಗುವಾಗ ಹಾರ್ಡ್‌ಡಿಸ್ಕನ್ನೂ ಕರೆದುಕೊಂಡು ಹೋಗಿತ್ತು. ಗಂಗವ್ವ, ಅವಳ ಓರಗೆಯವರು, ಒಬ್ಬರೂ ಉಳಿಯಲಿಲ್ಲ.

"ಚಾಲೂ ಬಿಟ್ಟ ಮಂದಿ ಮನ್ಯಾಗ ಹೋಳಿಗಿ ಮಾಡಾಕ ಹೋದ್ರ ಮತ್ತೇನಾಗತೈತಿ?" ಎಂದಳು ಅವ್ವ.

ಅಕ್ಕ ನನ್ನನ್ನು ನೋಡಿದಳು. "ಹೌದೇನೋ ತಮ್ಮಾ? ನಾ ಬಂದ್ ಮಾಡಿ ಹೋಗಿದ್ರ ಉಳೀತಿತ್ತ?"

ಫ್ಯಾನು ನನ್ನ ಅಂಗೈಯಲ್ಲಿತ್ತು. ಅದನ್ನು ಬೆನ್ನ ಹಿಂದೆ ಸರಿಸಿ, "ಹೂಂ" ಎಂದೆ.

ಅಕ್ಕ ಮತ್ತೆ ಯಾರ ಟ್ರಂಕಿನ ಮುಂದೆಯೂ ಕೂರಲಿಲ್ಲ. ಮದುವೆಯಾಗಿ ಬಾಗಲಕೋಟೆಯ ನವನಗರಕ್ಕೆ ಹೋದಳು. ಹೋಗುವಾಗ ಒಂದು ಚಟವನ್ನು ಜೊತೆಗೆ ಒಯ್ದಳು. ಎದ್ದು ನಾಲ್ಕು ಹೆಜ್ಜೆ ಹೋಗಬೇಕಾದರೂ ಎಲ್ಲ ಬಂದ್ ಮಾಡುವುದು. ಟೀವಿಯ ಪ್ಲಗ್ಗು ಕಿತ್ತು, ಅಂಗೈ ಇಟ್ಟು ಬಿಸಿ ನೋಡುತ್ತಾಳೆ. ನೀರು ತರಲು ಎದ್ದರೂ ಪಡಸಾಲೆಯ ಫ್ಯಾನು ನಿಲ್ಲುತ್ತದೆ, ಬಂದವರು ಬೆವರುತ್ತ ಕೂರುತ್ತಾರೆ. "ಒಂದಿನ ನನ್ನ ಪ್ಲಗ್ಗೂ ಕೀಳತಾಳ ನಿಮ್ಮಕ್ಕ" ಎನ್ನುತ್ತಾರೆ ಅಕ್ಕನ ಗಂಡ. ಎಲ್ಲರೂ ನಗುತ್ತಾರೆ. ಹತ್ತು ವರ್ಷ ನಾನೂ ನಕ್ಕಿದ್ದೇನೆ.

ಜ್ಯೋತಿಷಿಗಳಿಗೆ ಹೊಸ ಫ್ಯಾನು ಹಾಕಿ ಕಳಿಸಿದೆ. ಮರುದಿನ ನವನಗರದ ಬಸ್ಸು ಹತ್ತಿದೆ.

ಅಕ್ಕ ಮೆಂತ್ಯದ ಪಲ್ಲೆ ಬಿಡಿಸುತ್ತ ಕೂತಿದ್ದಳು. "ಯಕ್ಕಾ, ಆ ಫ್ಯಾನ ನಾ ಹಾಕಿರಲಿಲ್ಲ" ಎಂದೆ.

"ಯಾವ ಫ್ಯಾನಲೇ?"

ಎಲ್ಲ ಹೇಳಿದೆ, ಎಣ್ಣೆ, ಮದುವೆ, ಆ "ಹೂಂ". ಅವಳ ಕೈ ನಿಂತಿತು. ತಲೆ ಎತ್ತಲಿಲ್ಲ.

"ಮದವಿ ಮನ್ಯಾಗ ಹಾಡರ ಛಲೋ ಬಂದ್ವೇನು?"

"ಬಂದ್ವು."

"ನಾನಽ ಸುಟ್ಟೆ ಅಂತ ತಿಳಕೊಂಡಿದ್ದೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಗಂಗವ್ವ ತೀರಿಕೊಂಡಾಗ ಮಣ್ಣಿಗೂ ಹೋಗಲಿಲ್ಲ. ಯಾವ ಮಾರಿ ಹೊತ್ತ ಹೋಗಲಿ ಅಂತ."

ನಾನು ಹೊರಡಲು ಎದ್ದೆ.

"ಕೂಡು. ಚಾ ಮಾಡ್ತೇನಿ" ಎಂದು ಎದ್ದಳು. ದನಿ ಮೆತ್ತಗಾಗಿರಲಿಲ್ಲ. ಬಾಗಿಲ ಬಳಿ ಅವಳ ಕೈ ರೂಢಿಯಂತೆ ಸ್ವಿಚ್ಚಿನ ಮೇಲೆ ಹೋಯಿತು. ಕ್ಷಣ ಹೊತ್ತು ಅಲ್ಲೇ ನಿಂತು, ಕೆಳಗಿಳಿಯಿತು. ಅವಳು ಒಳಗೆ ಹೋದಳು.

ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಅದರ ಗಾಳಿಗೆ ಮೆಂತ್ಯದ ಎಲೆಗಳು ನೆಲದ ತುಂಬ ಹಾರಿದವು. ನಾನು ಬಗ್ಗಿ ಒಂದೊಂದಾಗಿ ಆರಿಸತೊಡಗಿದೆ.